ನಡೆದಾಡುವ ಭೂತ ಮರಳಿ ಬಂದಿತು

ಭೂತ ಬಿಟ್ಟು ಹೋಯಿತೆಂದರೆ ಸಂತೋಷಪಡುವುದು ಲೋಕರೂಢಿ. ಹೋದ ಭೂತ ಮರಳಿ ಬಂದಿತೆಂದು ಹಿಗ್ಗುವವರನ್ನು ಕಂಡರೆ ನೆರೆಹೊರೆಯವರು ಮಂತ್ರವಾದಿಯನ್ನು ಕರೆದುಕೊಂಡು ಬಂದಾರು. ಆದರೆ ಇಲ್ಲಿ ಹೇಳಹೊರಟಿರುವ ಭೂತದ ಮಾತೇ ಬೇರೆ. ಮೈಗಂಟಿದ ನೇರಿಳೆ ಬಣ್ಣದ ಉಡುಪು, ಕಣ್ಣಿಗೆ ಕರಿಯ ಮುಸುಕು, ಸೊಂಟಕ್ಕೆ ಎರಡು ಪಿಸ್ತೂಲು, ಬೆರಳಿಗೆ ತಲೆಬುರುಡೆಯ ಉಂಗುರ, ಏರಲು ಬಿಳಿಯ ಕುದುರೆ, ಜೊತೆಗೆ ನಾಯಿಯೆಂದು ಮೋಸಹೋಗುವಂತಿರುವ ತೋಳ. ಇಷ್ಟು ಹೇಳಿದೊಡನೆಯೇ ನಲವತ್ತೈದು ದಾಟಿದ ವಾಚಕರು ‘ಓಹೋ, ನಮ್ಮ ಫ್ಯಾಂಟಮ್!’ ಎಂದು ಗುರುತು ಹಿಡಿದಿರುತ್ತಾರೆ. ಅವರ ಮಕ್ಕಳು ಮಾತ್ರ ‘ಯಾರವನು?’ ಎಂದು ಕೇಳುತ್ತಾರೆ. ಈ ಲೇಖನ ಇಬ್ಬರಿಗೂ ಸೇರಿದ್ದು.

ಸುದ್ದಿಯೇನೆಂದರೆ, ಬಹುಕಾಲ ಅಂಗಡಿಗಳಿಂದ ಮಾಯವಾಗಿದ್ದ ಫ್ಯಾಂಟಮ್ ಮತ್ತೆ ಪುಸ್ತಕ ರೂಪದಲ್ಲಿ ಓಡಾಡಲು ಆರಂಭಿಸಿದ್ದಾನೆ. ನಮ್ಮ ದೇಶದಲ್ಲಿ ಕೇರಳದ ರೀಗಲ್ ಪಬ್ಲಿಷರ್ಸ್ ಎಂಬುವರು ಆತನ ಹಳೆಯ ಕಥೆಗಳನ್ನು ಇಂಗ್ಲಿಷಿನಲ್ಲಿಯೂ ಮಲಯಾಳದಲ್ಲಿಯೂ ಮತ್ತೆ ಅಚ್ಚು ಹಾಕಿಸಿದ್ದಾರೆ. ಅಮೆರಿಕದಲ್ಲಿ ಮ್ಯಾಡ್ ಕೇವ್ ಎಂಬ ಪ್ರಕಾಶಕರು 2025ರಲ್ಲಿ ಹೊಸ ಮಾಲೆಯನ್ನೇ ಹೊರತಂದರು. ಸ್ವೀಡನ್ನಿನಲ್ಲಿ 1950ರಿಂದ, ಆಸ್ಟ್ರೇಲಿಯದಲ್ಲಿ 1948ರಿಂದ ಆತನ ಪುಸ್ತಕಗಳು ಬರುತ್ತಲೇ ಇವೆ. ಅಲ್ಲಿಯವರಿಗೆ ಆತ ಹೋಗಿಯೇ ಇರಲಿಲ್ಲ. ಹೋಗಿದ್ದು ನಮ್ಮ ಮನೆಗಳಿಂದ.

ಇಪ್ಪತ್ತೊಂದನೆಯ ತಲೆಮಾರು

ಫ್ಯಾಂಟಮನ ಜನಕ ಲೀ ಫಾಕ್ ಎಂಬ ಅಮೆರಿಕದ ಲೇಖಕ. 1934ರಲ್ಲಿ ಮಾಂತ್ರಿಕ ಮ್ಯಾಂಡ್ರೇಕನನ್ನು ಸೃಷ್ಟಿಸಿ ಹೆಸರಾದ ಈತ, ಎರಡು ವರ್ಷಗಳ ನಂತರ, 1936ರ ಫೆಬ್ರವರಿ 17ರಂದು, ದಿನಪತ್ರಿಕೆಯ ಚಿತ್ರಪಟ್ಟಿಯಲ್ಲಿ ಫ್ಯಾಂಟಮನನ್ನು ಹೊರಡಿಸಿದ. ಸೂಪರ್‌ಮ್ಯಾನ್ ಹುಟ್ಟಿದ್ದು 1938ರಲ್ಲಿ. ಆದ್ದರಿಂದ ಮೈಗಂಟಿದ ಉಡುಪು ತೊಟ್ಟು ದುಷ್ಟರನ್ನು ಸದೆಬಡಿಯುವ ವೀರರ ವಂಶಾವಳಿಯಲ್ಲಿ ಫ್ಯಾಂಟಮನೇ ಹಿರಿಯಣ್ಣ ಎನ್ನಬೇಕು. ಉಡುಪಿನ ಬಣ್ಣದ ಕಥೆಯೂ ಸ್ವಾರಸ್ಯವಾಗಿದೆ. ಲೀ ಫಾಕನ ಮನಸ್ಸಿನಲ್ಲಿದ್ದದ್ದು ಬೂದು ಬಣ್ಣ. 1939ರಲ್ಲಿ ಭಾನುವಾರದ ಬಣ್ಣದ ಪುಟ ಆರಂಭವಾದಾಗ ಅದು ನೇರಿಳೆಯಾಗಿ ಅಚ್ಚಾಯಿತು, ಹಾಗೆಯೇ ನಿಂತುಹೋಯಿತು. ಸ್ವೀಡನ್ನಿನಲ್ಲಿ ಆತನದು ನೀಲಿ ಉಡುಪು, ಇಟಲಿಯಲ್ಲಿ ಕೆಂಪು. ಆಯಾ ದೇಶದ ಮುದ್ರಣಾಲಯ ಹಚ್ಚಿದ್ದೇ ಬಣ್ಣ.

ಈ ವೀರನಿಗೆ ಹಾರಲು ಬರುವುದಿಲ್ಲ, ಗುಂಡು ತಾಗಿದರೆ ಗಾಯವಾಗುತ್ತದೆ, ವಯಸ್ಸಾದರೆ ಸಾಯುತ್ತಾನೆ. ಆದರೂ ಕಾಡಿನ ಜನ ಆತನನ್ನು ಸಾವಿಲ್ಲದವನೆಂದು ನಂಬಿದ್ದಾರೆ. ಗುಟ್ಟು ಇಷ್ಟೇ: 1536ರಲ್ಲಿ ಕಡಲುಗಳ್ಳರ ದಾಳಿಗೆ ಸಿಕ್ಕ ಹಡಗಿನಿಂದ ಒಬ್ಬನೇ ತರುಣ ಬದುಕುಳಿದು ದಡ ಸೇರಿದ. ಬಂಡಾರ್ ಎಂಬ ಕುಳ್ಳ ಕಾಡುಜನರು ಅವನನ್ನು ಉಪಚರಿಸಿದರು. ತಂದೆಯನ್ನು ಕೊಂದವನ ತಲೆಬುರುಡೆಯ ಮೇಲೆ ಕೈಯಿಟ್ಟು, ತಾನೂ ತನ್ನ ಸಂತತಿಯವರೂ ಕಡಲುಗಳ್ಳತನ, ದುರಾಶೆ, ಕ್ರೌರ್ಯ, ಅನ್ಯಾಯಗಳ ವಿರುದ್ಧ ಹೋರಾಡುವುದಾಗಿ ಆತ ಪ್ರತಿಜ್ಞೆ ಮಾಡಿದ. ತಂದೆ ತೀರಿಕೊಂಡೊಡನೆ ಮಗ ಅದೇ ಉಡುಪು ತೊಡುತ್ತಾನೆ, ಅದೇ ಉಂಗುರ ಹಾಕಿಕೊಳ್ಳುತ್ತಾನೆ. ಮುಸುಕಿನ ಒಳಗಿನ ಮುಖ ಬದಲಾದದ್ದು ಹೊರಗಿನವರಿಗೆ ತಿಳಿಯುವುದಿಲ್ಲ. ನಾವು ಓದುವುದು ಇಪ್ಪತ್ತೊಂದನೆಯವನ ಕಥೆ. ಬುರುಡೆಗವಿಯಲ್ಲಿ ಹಿಂದಿನ ಇಪ್ಪತ್ತು ಜನರ ಸಮಾಧಿಗಳಿವೆ, ಅವರೆಲ್ಲರ ದಿನಚರಿ ಪುಸ್ತಕಗಳೂ ಇವೆ. ಮಗನಾದವನು ಅವುಗಳನ್ನು ತೆಗೆದು ಓದುತ್ತಾನೆ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದೆ ಬೇಕಾಗುತ್ತದೆ.

ಕಾರ್ಕಳದ ಹುಡುಗ ಮತ್ತು ಇಂದ್ರಜಾಲ

ಭಾರತದ ಓದುಗರಿಗೆ ಫ್ಯಾಂಟಮನ ಪರಿಚಯವಾದದ್ದು ‘ಇಲ್ಲಸ್ಟ್ರೇಟೆಡ್ ವೀಕ್ಲಿ’ಯ ಪುಟಗಳಲ್ಲಿ, ನಲವತ್ತರ ದಶಕದಲ್ಲಿ. ಆದರೆ ಆತ ಬಸ್ ನಿಲ್ದಾಣದ ಪುಸ್ತಕದಂಗಡಿಗೂ ಹುಡುಗರ ಶಾಲೆಯ ಚೀಲಕ್ಕೂ ಇಳಿದದ್ದು 1964ರ ಮಾರ್ಚಿಯಲ್ಲಿ, ಟೈಮ್ಸ್ ಆಫ್ ಇಂಡಿಯಾ ಬಳಗದವರು ‘ಇಂದ್ರಜಾಲ ಕಾಮಿಕ್ಸ್’ ಆರಂಭಿಸಿದಾಗ. ಆ ಬಳಗದ ಪುಸ್ತಕ ವಿಭಾಗದಲ್ಲಿ ಆಗ ಕೆಲಸದಲ್ಲಿದ್ದವರು ಅನಂತ ಪೈ. 1929ರಲ್ಲಿ ನಮ್ಮ ಕಾರ್ಕಳದಲ್ಲಿ ಹುಟ್ಟಿ, ಎಳೆವಯಸ್ಸಿನಲ್ಲೇ ತಂದೆತಾಯಿಗಳನ್ನು ಕಳೆದುಕೊಂಡು, ಹನ್ನೆರಡನೆಯ ವರ್ಷದಲ್ಲಿ ಮುಂಬಯಿ ಸೇರಿದವರು. ಊರು ಬಿಟ್ಟು ಮಹಾರಾಷ್ಟ್ರಕ್ಕೆ ಬಂದ ನಮ್ಮಂಥವರ ಸಾಲಿಗೇ ಸೇರಿದವರು ಎನ್ನಲು ಅಡ್ಡಿಯಿಲ್ಲ. ಮಾಲಕರ ಮನಸ್ಸು ಮೊದಲು ಸೂಪರ್‌ಮ್ಯಾನ್ ಕಡೆಗಿತ್ತಂತೆ. ಆಕಾಶದಲ್ಲಿ ಹಾರುವವನಿಗಿಂತ ಕಾಡಿನಲ್ಲಿ ಕುದುರೆ ಏರಿ ಬರುವವನು ನಮ್ಮ ಸಣ್ಣ ಊರುಗಳ ಮಕ್ಕಳಿಗೆ ಹತ್ತಿರದವನಾಗುತ್ತಾನೆ ಎಂದು ಸೂಚಿಸಿದವರು ಪೈಯವರೇ ಎಂದು ಹೇಳುತ್ತಾರೆ. ಕಾಡು, ಕಡಲು, ಗ್ರಾಮವನ್ನು ಕಾಯುವ ಭೂತ ಇವೆಲ್ಲ ಕಾರ್ಕಳದ ಕಡೆಯವರಿಗೆ ಹೊಸದೇನೂ ಅಲ್ಲವಷ್ಟೆ.

ಮೊದಲ ಸಂಚಿಕೆಯ ಕಥೆ ಫ್ಯಾಂಟಮನ ನಡುಪಟ್ಟಿಯದು. ಇಪ್ಪತ್ತನೆಯ ಫ್ಯಾಂಟಮನನ್ನು ಬೆನ್ನಿಗೆ ಇರಿದು ಕೊಂದ ಕಡಲುಗಳ್ಳ ಆತನ ನಡುಪಟ್ಟಿಯನ್ನು ಕದ್ದೊಯ್ದಿರುತ್ತಾನೆ. ಮಗ ಅವನನ್ನು ಹುಡುಕಿಕೊಂಡು ಹೋಗುತ್ತಾನೆ. ಮೂಲದಲ್ಲಿ ಆ ಕೊಲೆಗಾರನ ಹೆಸರು ರಾಮ! ನಮ್ಮವರು ಅದನ್ನು ‘ರಾಮಲು’ ಮಾಡಿದರು. ಕಡಲುಗಳ್ಳರ ‘ಸಿಂಗ್’ ಬಳಗ ‘ಸಿಂಗಾ’ ಆಯಿತು. ಫ್ಯಾಂಟಮನ ನಾಡು ‘ಬೆಂಗಾಲ’ ಎಂಬುದು ವಂಗದೇಶದ ಹೆಸರಿನಂತೆ ಕೇಳಿಸುತ್ತಿದ್ದುದರಿಂದ ‘ಡೆಂಕಾಲಿ’ ಆಯಿತು. ಪರದೇಶದ ಸರಕನ್ನು ಮನೆಯೊಳಗೆ ಬಿಟ್ಟುಕೊಳ್ಳುವ ಮುನ್ನ ಕಾಲು ತೊಳೆಸಿದಂತಾಯಿತು ಇದು.

ಮೊದಲು ಫ್ಯಾಂಟಮ್ ಒಬ್ಬನೇ ಇದ್ದ. ಆಮೇಲೆ ಮ್ಯಾಂಡ್ರೇಕ್, ಫ್ಲಾಶ್ ಗಾರ್ಡನ್ ಮೊದಲಾದವರು ಸೇರಿಕೊಂಡರು. 1976ರಲ್ಲಿ ಆಬಿದ್ ಸುರತಿಯವರು ಸೃಷ್ಟಿಸಿದ ಬಹಾದ್ದೂರ್ ಬಂದು, ಕುರ್ತಾ ತೊಟ್ಟ ನಮ್ಮ ದೇಶದ ವೀರನಿಗೂ ಜಾಗ ಸಿಕ್ಕಿತು. 1990ರಲ್ಲಿ ಇಂದ್ರಜಾಲ ನಿಂತುಹೋಗುವ ವೇಳೆಗೆ ಎಂಟುನೂರಕ್ಕೂ ಮೀರಿ ಸಂಚಿಕೆಗಳಾಗಿದ್ದವು. ಅನಂತ ಪೈಯವರು ಅಷ್ಟರಲ್ಲಿ ಹೊರಬಂದು 1967ರಲ್ಲಿ ‘ಅಮರ ಚಿತ್ರ ಕಥಾ’ ಮಾಲೆಯನ್ನೂ, 1980ರಲ್ಲಿ ‘ಟಿಂಕಲ್’ ಪತ್ರಿಕೆಯನ್ನೂ ಕಟ್ಟಿದ್ದರು. 2011ರಲ್ಲಿ ತೀರಿಕೊಳ್ಳುವವರೆಗೂ ಮಕ್ಕಳ ಪಾಲಿಗೆ ಅವರು ‘ಅಂಕಲ್ ಪೈ’.

ಅಮರ ಚಿತ್ರ ಕಥಾ ಮಾಲೆಯಲ್ಲಿ ‘ಕೃಷ್ಣ’ ಹನ್ನೊಂದನೆಯ ಪುಸ್ತಕ ಎಂಬುದು ಅನೇಕರಿಗೆ ಗೊತ್ತು. ಮೊದಲ ಹತ್ತು ಏನಾದವು? ಅವು ಸಿಂಡರೆಲ್ಲಾಳಂಥ ಪರದೇಶದ ಕಥೆಗಳು, ಅಚ್ಚಾದದ್ದು ಕನ್ನಡದಲ್ಲಿ! ಬೆಂಗಳೂರಿನ ಇಂಡಿಯಾ ಬುಕ್ ಹೌಸಿನಲ್ಲಿದ್ದ ಜಿ. ಕೆ. ಅನಂತರಾಂ ಎಂಬವರು 1965ರ ಸುಮಾರಿಗೆ ಮುತುವರ್ಜಿ ವಹಿಸಿ ಕನ್ನಡದಲ್ಲಿ ಚಿತ್ರಪುಸ್ತಕಗಳನ್ನು ಹೊರಡಿಸಿದರು. ಭಾರತದ ಅತಿ ದೊಡ್ಡ ಚಿತ್ರಕಥಾಮಾಲೆಯ ಮೊದಲ ಮೆಟ್ಟಿಲುಗಳು ಕನ್ನಡದವು ಎಂದು ಪರನಾಡಿನಲ್ಲಿರುವ ನಾವು ಎದೆ ತಟ್ಟಿ ಹೇಳಿಕೊಂಡರೆ ತಪ್ಪೇನಿಲ್ಲ.

ವೇತಾಳನೋ ಬೇತಾಳನೋ

ಬೇರೆ ಬೇರೆ ಭಾಷೆಗಳಲ್ಲಿ ಬಂದಾಗ ಫ್ಯಾಂಟಮನಿಗೆ ನಾಮಕರಣವಾಯಿತು. ಬಂಗಾಳಿಗರು ಆತನನ್ನು ‘ಅರಣ್ಯದೇವ’ ಎಂದು ಕರೆದು ದೇವರನ್ನೇ ಮಾಡಿದರು. ಹಿಂದಿಯಲ್ಲಿ ‘ವೇತಾಲ’, ಮರಾಠಿಯಲ್ಲಿ ‘ವೇತಾಳ’.

ಈ ಹೆಸರು ಕೇಳಿ ಕನ್ನಡಿಗನಿಗೆ ನಗೆ ಬರುವುದು ಸಹಜ. ನಮಗೆ ಬೇತಾಳನೆಂದರೆ 1949ರಲ್ಲಿ ಕನ್ನಡದಲ್ಲಿ ಆರಂಭವಾದ, ಈಗ ನಿಂತುಹೋಗಿರುವ, ‘ಚಂದಮಾಮ’ದ ಬೇತಾಳ. ಮರದ ಕೊಂಬೆಗೆ ತಲೆಕೆಳಗಾಗಿ ಜೋತುಬಿದ್ದು, ವಿಕ್ರಮನ ಹೆಗಲೇರಿ, ಕಥೆ ಹೇಳಿ, ಕೊನೆಗೊಂದು ಕಠಿಣವಾದ ಪ್ರಶ್ನೆ ಕೇಳಿ ಹಾರಿಹೋಗುವವನು. ಶಂಕರ್ ಅವರ ಚಿತ್ರದಲ್ಲಿ ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ ಹಿಡಿದು ನಡೆಯುವ ರಾಜನನ್ನು ಕಂಡು ಹೆದರಿಕೊಂಡು ಮಲಗದ ಮಕ್ಕಳೇ ಇರಲಿಲ್ಲ. ಅಂಥ ಬೇತಾಳ ಲೋಕರಕ್ಷಕನಾಗುವುದು ಹೇಗೆ?

ಉತ್ತರ ನಮ್ಮ ಪುಣೆಯಲ್ಲೇ ಇದೆ. ನಗರದ ಪಶ್ಚಿಮಕ್ಕಿರುವ ಎತ್ತರದ ಗುಡ್ಡದ ಹೆಸರು ವೇತಾಳ ಟೇಕಡಿ. ಅದರ ಮೇಲೆ ವೇತಾಳನ ಗುಡಿಯಿದೆ. ನಾವು ಖರಾಡಿಯವರು ಮುಳಾ ಮುಠಾ ನದಿಯ ದಂಡೆಯ ಮೇಲೆ, ನಗರದ ಪೂರ್ವದ ತುದಿಯಲ್ಲಿರುವವರು. ಅಲ್ಲಿಗೆ ಹೋಗುವುದೆಂದರೆ ನಗರ್ ರಸ್ತೆಯ ವಾಹನಗಳ ಸಾಲಿನಲ್ಲಿ ಅರ್ಧ ಭಾನುವಾರ ಕಳೆಯಬೇಕು. ಆದರೂ ಒಮ್ಮೆ ಮಕ್ಕಳೊಡನೆ ಹೋಗಿಬರುವುದು ಒಳ್ಳೆಯದು. ಮರಾಠಿ ನಾಡಿನ ಹಳ್ಳಿಗಳಲ್ಲಿ ವೇತಾಳ ಭೂತಗಣಗಳ ಒಡೆಯ. ಊರ ಹೊರಗೆ ಶೇಂದೂರ ಬಳಿದ ಕಲ್ಲಾಗಿ ನಿಂತು, ರಾತ್ರಿಯ ಹೊತ್ತು ಸಂಚರಿಸಿ, ಊರನ್ನು ಕಾಯುವವನು. ಹೆದರಿಸುವವನೂ ಅವನೇ, ರಕ್ಷಿಸುವವನೂ ಅವನೇ. ಫ್ಯಾಂಟಮನಿಗೆ ಇಂಗ್ಲಿಷಿನಲ್ಲಿರುವ ಬಿರುದಿನ ಅರ್ಥವೂ ‘ನಡೆದಾಡುವ ಭೂತ’ ಎಂದೇ. ಮರಾಠಿ ಅನುವಾದಕರು ಕೋಶ ನೋಡಿ ಹೆಸರಿಡಲಿಲ್ಲ, ಊರ ಹೊರಗಿನ ಕಲ್ಲನ್ನು ನೋಡಿ ಇಟ್ಟರು.

ಬೆಳಗಾವಿಯಲ್ಲಿ ಬೆಳೆದ ನಮ್ಮ ತಂದೆಯವರ ಟ್ರಂಕಿನಲ್ಲಿ ಇಂದ್ರಜಾಲದ ಹಳೆಯ ಕಟ್ಟೊಂದಿದೆ. ಅದರಲ್ಲಿ ಮರಾಠಿಯವೂ ಇವೆ, ಕನ್ನಡದವೂ ಇವೆ. ಗಡಿಯ ಊರಿನ ಹುಡುಗರು ಕೈಗೆ ಸಿಕ್ಕಿದ್ದನ್ನು ಓದುತ್ತಿದ್ದರು, ಒಬ್ಬರ ಪುಸ್ತಕ ಇನ್ನೊಬ್ಬರು ಕೊಳ್ಳುತ್ತಿದ್ದರು. ದೊಡ್ಡವರು ಭಾಷೆಗಾಗಿ ಸಭೆ ನಡೆಸುತ್ತಿದ್ದ ಕಾಲದಲ್ಲಿ ಹುಡುಗರು ಒಂದೇ ವೀರನನ್ನು ಎರಡು ಲಿಪಿಯಲ್ಲಿ ಓದಿಕೊಂಡು ಒಂದೇ ಮೈದಾನದಲ್ಲಿ ಮರದ ಪಿಸ್ತೂಲು ಹಿಡಿದು ಓಡಾಡುತ್ತಿದ್ದರು. ಕನ್ನಡದಲ್ಲಿ ‘ಸುಧಾ’ ವಾರಪತ್ರಿಕೆಯ ಮೂಲಕವೂ ಫ್ಯಾಂಟಮ್ ಮನೆಮನೆಗೆ ಬರುತ್ತಿದ್ದ. ಪತ್ರಿಕೆ ಬಂದೊಡನೆ ಮೊದಲು ಯಾರ ಕೈಗೆ ಎಂಬ ಜಗಳ ಆಗಿನ ಕಾಲದ ಮನೆಗಳಲ್ಲಿ ವಾರವಾರದ ಸಂಭ್ರಮ.

ಮರಳಿ ಬಂದವನು ಹೇಗಿದ್ದಾನೆ?

ಮತ್ತೆ ಅಚ್ಚಾದ ಹಳೆಯ ಕಥೆಗಳನ್ನು ಈಗ ಓದಿದರೆ ಮೊದಲು ಮೆಚ್ಚಿಗೆಯಾಗುವುದು ಅವುಗಳ ಬಿಗಿ. ದಿನಕ್ಕೆ ಮೂರು ನಾಲ್ಕು ಚಿತ್ರಗಳಂತೆ ಬರೆದ ಕಥೆಯಾದ್ದರಿಂದ ಒಂದು ಮಾತೂ ಹೆಚ್ಚಿಲ್ಲ. 1961ರ ನಂತರ ಮೂವತ್ತು ವರ್ಷಗಳಿಗೂ ಮೀರಿ ಚಿತ್ರ ಬರೆದ ಸೈ ಬ್ಯಾರಿಯ ಕೈಯಲ್ಲಿ ಕಾಡಿನ ನೆರಳು, ಗವಿಯ ಕತ್ತಲೆ, ಕುದುರೆಯ ಓಟ ಎಲ್ಲವೂ ಕಣ್ಣಿಗೆ ಕಟ್ಟುತ್ತವೆ. ನಡುನಡುವೆ ‘ಕಾಡಿನ ಹಳೆಯ ಮಾತು’ ಎಂದು ಬರುವ ಸಾಲುಗಳು ನಮ್ಮ ಗಾದೆಗಳ ಹಾಗೆಯೇ ಬಾಯಿಗೆ ಹತ್ತುತ್ತವೆ. ರಕ್ತಪಾತ ಕಡಿಮೆ. ಫ್ಯಾಂಟಮ್ ಕೈಯಿಂದ ಪಿಸ್ತೂಲು ಹಾರಿಸಿಬಿಡುತ್ತಾನೆಯೇ ಹೊರತು ಕೊಲ್ಲುವುದಕ್ಕೆ ಹೋಗುವುದಿಲ್ಲ; ದವಡೆಯ ಮೇಲೆ ಬುರುಡೆಯ ಮುದ್ರೆ ಒತ್ತಿ ಪೋಲೀಸರಿಗೆ ಒಪ್ಪಿಸುತ್ತಾನೆ.

ಮೆಚ್ಚಲಾಗದ ಸಂಗತಿಗಳೂ ಇವೆ, ಅವನ್ನು ಮುಚ್ಚಿಡಬಾರದು. ಕರಿಯರ ನಾಡಿನಲ್ಲಿ ನ್ಯಾಯ ಹೇಳಲು ಬಿಳಿಯನೇ ಏಕೆ ಬರಬೇಕು? ನಾನೂರು ವರ್ಷ ಅಲ್ಲೇ ಇದ್ದರೂ ಸಿಂಹಾಸನದ ಮೇಲೆ ಕೂರುವವನು ಅವನೇ ಏಕೆ? ವಸಾಹತುಶಾಹಿಯ ಕಾಲದಲ್ಲಿ ಹುಟ್ಟಿದ ಕಥೆಗೆ ಆ ಕಾಲದ ಕಲೆ ಅಂಟಿಕೊಂಡಿದೆ. ಲೀ ಫಾಕ್ ಕಾಲಕ್ಕೆ ತಕ್ಕಂತೆ ತಿದ್ದಿಕೊಂಡದ್ದೂ ನಿಜ. ಆ ನಾಡಿಗೆ ಲಮಾಂಡ ಲುವಾಗ ಎಂಬ ಕರಿಯ ವೈದ್ಯನನ್ನು ಚುನಾಯಿತ ಅಧ್ಯಕ್ಷನನ್ನಾಗಿ ಮಾಡಿದ. ಫ್ಯಾಂಟಮ್ ಆತನ ಗೆಳೆಯನಾಗಿ ನಿಂತ. ಮಕ್ಕಳ ಕೈಗೆ ಹಳೆಯ ಪುಸ್ತಕ ಕೊಡುವ ತಂದೆತಾಯಿಗಳು ಈ ಮಾತನ್ನು ಜೊತೆಗೆ ಕುಳಿತು ಹೇಳುವುದು ಒಳಿತು. ಮಕ್ಕಳಿಗೆ ಅರ್ಥವಾಗದ ವಿಷಯವೇನೂ ಅಲ್ಲ ಅದು.

1999ರಲ್ಲಿ ಲೀ ಫಾಕ್ ತೀರಿಕೊಂಡ ಮೇಲೆ ಟೋನಿ ಡಿಪಾಲ್ ಮುಂದುವರಿಸಿದ ಪತ್ರಿಕೆಯ ಕಥೆಗಳಲ್ಲಿ ಇಪ್ಪತ್ತೊಂದನೆಯವನಿಗೆ ಪ್ರಾಯ ಇಳಿಯುತ್ತಿರುವುದು ಕಾಣುತ್ತದೆ. ಅವನಿಗೆ ಮತ್ತು ಡಯಾನಾಳಿಗೆ ಅವಳಿ ಮಕ್ಕಳು: ಮಗ ಕಿಟ್, ಮಗಳು ಹೆಲೋಯಿಸ್. ಮಗನನ್ನು ವಿದ್ಯಾಭ್ಯಾಸಕ್ಕೆ ಹಿಮಾಲಯದ ಬೌದ್ಧ ಮಠಕ್ಕೆ ಕಳಿಸಿದ್ದಾರೆ. ಮುಂದಿನ ಫ್ಯಾಂಟಮ್ ಯಾರು ಎಂಬುದೇ ಈಗಿನ ಕುತೂಹಲ. ಎಂಟು ವರ್ಷದ ನನ್ನ ಮಗಳ ಪ್ರಶ್ನೆ ಇನ್ನೂ ನೇರವಾದದ್ದು: ‘ಮಗಳು ಯಾಕೆ ಆಗಬಾರದು?’ ಕಥೆಯಲ್ಲೇ ಅದಕ್ಕೆ ಆಧಾರವಿದೆ. ಹದಿನೇಳನೆಯ ಫ್ಯಾಂಟಮ್ ಗಾಯಗೊಂಡು ಮಲಗಿದಾಗ ಆತನ ಅವಳಿ ಸೋದರಿ ಜೂಲಿ ಅದೇ ಮುಸುಕು ತೊಟ್ಟು ಕೆಲಸ ಸಾಗಿಸಿದಳೆಂದು ಲೀ ಫಾಕನೇ ಐವತ್ತರ ದಶಕದಲ್ಲಿ ಬರೆದಿದ್ದಾನೆ. ಪ್ರತಿಜ್ಞೆ ಮುಖ್ಯ, ತೊಟ್ಟವರು ಗಂಡೋ ಹೆಣ್ಣೋ ಎಂಬುದಲ್ಲ.

ಮೂಕ ಭೂತಕ್ಕೆ ಮಾತು

ಈಗ ಗವಿಯಲ್ಲಿನ ದಿನಚರಿ ಪುಸ್ತಕಗಳ ಮಾತಿಗೆ ಬರೋಣ. ಇಪ್ಪತ್ತೊಂದನೆಯವನಿಗೆ ಅವುಗಳ ಅಕ್ಷರವೇ ಬಾರದೆ ಹೋಗಿದ್ದರೆ? ಉಂಗುರ ಇರುತ್ತಿತ್ತು, ಕುದುರೆ ಇರುತ್ತಿತ್ತು; ತಂದೆ ಏನು ಬರೆದಿಟ್ಟನೆಂದು ಮಾತ್ರ ತಿಳಿಯುತ್ತಿರಲಿಲ್ಲ.

ಇಲ್ಲಿನ ನಮ್ಮ ಮನೆಗಳಲ್ಲಿ ನಡೆಯುತ್ತಿರುವುದು ಇದೇ. ಖರಾಡಿಯ ಐಟಿ ಪಾರ್ಕುಗಳ ಸುತ್ತಲಿನ ಎತ್ತರದ ಕಟ್ಟಡಗಳಲ್ಲಿ ಕಲಬುರಗಿಯವರು, ಮಂಗಳೂರಿನವರು, ಮೈಸೂರಿನವರು, ಬೆಳಗಾವಿಯವರು ಒಂದೇ ಲಿಫ್ಟಿನಲ್ಲಿ ಓಡಾಡುತ್ತೇವೆ. ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್ ಓದುತ್ತಾರೆ, ಮರಾಠಿ ಹಿಂದಿ ಕಲಿಯುತ್ತಾರೆ. ಕನ್ನಡ ಅವರಿಗೆ ಕಿವಿಯ ಭಾಷೆ, ಕಣ್ಣಿನ ಭಾಷೆಯಲ್ಲ. ಒಂದು ಸಂಜೆ ಮಗಳು ಟ್ರಂಕಿನ ಕನ್ನಡದ ಸಂಚಿಕೆಯೊಂದನ್ನು ಬಿಡಿಸಿಕೊಂಡು ಅಜ್ಜನ ಬಳಿ ಕೂತಳು.

“ಅಜ್ಜಾ, ಇವಾ ಏನ್ ಅನ್ನಾಕತ್ತಾನ?”

“ನೀನ ಓದವಾ ತಂಗಿ. ಅಕ್ಷರಾ ಬರಲಿಲ್ಲಂದ್ರ ಇಂವಾ ಮೂಕ ಭೂತ ಆಗ್ತಾನ ನೋಡು.”

ಆ ಮಾತು ನಮ್ಮ ಕಟ್ಟಡದ ನಾಲ್ಕು ಮನೆಗಳನ್ನು ಕೆಲಸಕ್ಕೆ ಹಚ್ಚಿತು. ಹೊಸದಾಗಿ ತಂದ ಇಂಗ್ಲಿಷ್ ಪುಸ್ತಕಕ್ಕೆ ಕನ್ನಡದ ಮಾತು ಬರೆದು ಅಂಟಿಸುವುದೆಂದು ತೀರ್ಮಾನವಾಯಿತು. ಬೇಕಾದ ಸಾಮಗ್ರಿ ಬಿಳಿಯ ಕಾಗದ, ಕತ್ತರಿ, ಗೋಂದು, ಒಂದು ಕರಿಯ ಪೆನ್ನು. ಮಾತಿನ ಗುಳ್ಳೆಯ ಅಳತೆಗೆ ಚೀಟಿ ಕತ್ತರಿಸಿ, ದೊಡ್ಡವರು ಹೇಳಿದ್ದನ್ನು ಮಕ್ಕಳು ಬರೆದು ಅಂಟಿಸಬೇಕು. ಗುಳ್ಳೆ ಚಿಕ್ಕದಾದ್ದರಿಂದ ವಾಕ್ಯ ಚಿಕ್ಕದಾಗಿಯೇ ಇರಬೇಕು. ಅರ್ಥ ತಿಳಿಯದಿದ್ದರೆ ಚಿತ್ರವೇ ಹೇಳಿಕೊಡುತ್ತದೆ. ಕಾಗುಣಿತ ಕಲಿಸಲು ಇದಕ್ಕಿಂತ ಸುಲಭದ ಪಾಠಪುಸ್ತಕವನ್ನು ನಾನು ಕಂಡಿಲ್ಲ.

ತೊಡಕು ಬಂದದ್ದು ಯಾವ ಕನ್ನಡ ಎಂಬಲ್ಲಿ. ಕಳ್ಳನನ್ನು ತಡೆದು ಫ್ಯಾಂಟಮ್ ಏನೆನ್ನಬೇಕು? ‘ನಿಲ್ಲು’ ಎಂದರು ಮೈಸೂರಿನವರು. ‘ನಿಂದರ ಮಗನ’ ಎಂದರು ನಮ್ಮ ತಂದೆ. ‘ನಿಲ್ಲು ಮಾರಾಯಾ’ ಎಂದರು ಮಂಗಳೂರಿನವರು. ಅಷ್ಟು ಮರ್ಯಾದೆ ಕೊಟ್ಟರೆ ಕಳ್ಳ ಯಾಕೆ ಹೆದರುತ್ತಾನೆ ಎಂದು ಉಳಿದವರು ನಕ್ಕರು. ಕಳ್ಳನಿಗೆ ಯಾವ ಊರಿನ ಮಾತು ಕೊಡುವುದೆಂಬ ಪ್ರಶ್ನೆ ಎದ್ದಾಗ ಮಾತ್ರ ಎಲ್ಲರೂ ಒಮ್ಮೆಲೇ ಬೇಡವೆಂದರು. ತಮ್ಮೂರ ಮಾತು ಕಳ್ಳನ ಬಾಯಲ್ಲಿ ಬರುವುದು ಯಾರಿಗೂ ಒಪ್ಪಿಗೆಯಿಲ್ಲ! ಕೊನೆಗೆ ಕಳ್ಳರೆಲ್ಲರೂ ಶುದ್ಧ ಗ್ರಾಂಥಿಕ ಕನ್ನಡ ಮಾತಾಡಬೇಕೆಂದೂ, ಫ್ಯಾಂಟಮ್ ಪುಟಕ್ಕೊಂದರಂತೆ ನಾಲ್ಕೂ ಊರಿನ ಕನ್ನಡ ಮಾತಾಡಬೇಕೆಂದೂ ಒಪ್ಪಂದವಾಯಿತು. ಹೀಗೆ ನಮ್ಮ ಫ್ಯಾಂಟಮ್ ಒಂದು ಪುಟದಲ್ಲಿ ಕಲಬುರಗಿಯವನು, ಮರುಪುಟದಲ್ಲಿ ಮಂಗಳೂರಿನವನು. ಮಕ್ಕಳು ಇದರಿಂದ ತಬ್ಬಿಬ್ಬಾಗಲಿಲ್ಲ. ಮೊದಲು ನೆರೆಮನೆಯ ಕನ್ನಡವನ್ನು ಕೇಳಿ ನಗುತ್ತಿದ್ದವರು ಈಗ ಅದನ್ನೇ ಆಡಿ ತೋರಿಸುತ್ತಾರೆ.

ನನ್ನ ಮಗಳು ಯಾರ ಸಹಾಯವೂ ಇಲ್ಲದೆ ಓದಿದ ಮೊದಲ ಕನ್ನಡ ಪದ ‘ಧಡಾರ್’. ಅದರಲ್ಲಿ ಒಂದು ಮಹಾಪ್ರಾಣ, ಒಂದು ದೀರ್ಘ, ಒಂದು ಅರ್ಧಾಕ್ಷರ ಇವೆ. ಪಾಠದಲ್ಲಿ ಬಂದಿದ್ದರೆ ಮೂರು ದಿನ ಹಿಡಿಯುತ್ತಿತ್ತು. ಫ್ಯಾಂಟಮನ ಮುಷ್ಟಿ ಅದನ್ನು ಒಂದೇ ಏಟಿಗೆ ಕಲಿಸಿತು. ಈಗ ಅವಳು ಟ್ರಂಕಿನ ಕಟ್ಟಿನಲ್ಲಿ ಎರಡನೆಯ ಸಂಚಿಕೆಗೆ ಬಂದಿದ್ದಾಳೆ. ನಿಧಾನವಾಗಿ, ಬೆರಳಿಟ್ಟು ಓದುತ್ತಾಳೆ. ತಡೆದಲ್ಲಿ ಅಜ್ಜ ಹೇಳಿಕೊಡುತ್ತಾರೆ. ಕಥೆಯ ಕೊನೆಯನ್ನು ಮಾತ್ರ ಎಷ್ಟು ಕೇಳಿದರೂ ಹೇಳುವುದಿಲ್ಲ.

ಹಬ್ಬಕ್ಕೋ ರಜೆಗೋ ಊರಿಗೆ ಹೋಗುವ ವಾಚಕರಲ್ಲಿ ಒಂದು ವಿನಂತಿ. ಅಟ್ಟ ಹತ್ತಿ ನೋಡಿರಿ. ಹಳೆಯ ಚಂದಮಾಮ, ಇಂದ್ರಜಾಲ, ಸುಧಾ ಏನಿದ್ದರೂ ರದ್ದಿಗೆ ಹಾಕುವ ಮುನ್ನ ಧೂಳು ಒರೆಸಿ ತನ್ನಿರಿ. ಇಲ್ಲವಾದರೆ ಕತ್ತರಿ ಗೋಂದು ಇದ್ದೇ ಇವೆ. 2026ರ ಫೆಬ್ರವರಿ 17ಕ್ಕೆ ಫ್ಯಾಂಟಮನಿಗೆ ತೊಂಬತ್ತು ವರ್ಷದ ಲೆಕ್ಕ. ಇಷ್ಟು ವರ್ಷ ಬಾಳಿದವನಿಗೆ ನಮ್ಮ ಮಕ್ಕಳ ಬಾಯಿಂದ ನಾಲ್ಕು ಮಾತು ಕನ್ನಡ ಆಡಿಸುವುದು ದೊಡ್ಡ ಕೆಲಸವೇನೂ ಅಲ್ಲ.